ಅಮೆರಿಕೆಯಿಂದ ಬಂದುದೇನು? ಪುಣೆ ಮತ್ತು ಕರ್ನಾಟಕದ ನಾಲ್ಕು ನಿದರ್ಶನಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ಮಾತು ಬಂದಾಗ ನಮ್ಮ ವಿದ್ಯಾವಂತರಿಗೆ ಮೊದಲು ನೆನಪಾಗುವವರು ಅಲ್ಲಿಯ ಕೆಲವು ವ್ಯಕ್ತಿಗಳು. ರಾಜಕಾರಣದಲ್ಲಿ ಅಬ್ರಹಾಂ ಲಿಂಕನ್, ಉದ್ಯಮದಲ್ಲಿ ಹೆನ್ರಿ ಫೋರ್ಡ್, ಕ್ರೀಡೆಯಲ್ಲಿ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದ ಜೆಸ್ಸಿ ಓವೆನ್ಸ್. ಇವರ ಚರಿತ್ರೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಪರಿಚಿತವಾದುದು. ಆದರೆ ಒಂದು ದೇಶದ ಹಿರಿಯರ ಹೆಸರುಗಳು ನಮಗೆ ತಿಳಿದಿರುವುದು ಬೇರೆ; ಆ ದೇಶದ ಬಾಳುವೆಯ ಯಾವುದಾದರೊಂದು ಅಂಶ ನಮ್ಮ ಬಾಳುವೆಗೆ ಇಳಿದುಬಂದು ಇಲ್ಲಿ ಬೇರೂರುವುದು ಬೇರೆ. ಮೊದಲನೆಯದಕ್ಕೆ ಓದು ಸಾಕು. ಎರಡನೆಯದಕ್ಕೆ ಅದನ್ನು ಹೊತ್ತು ತರುವವರು ಬೇಕು, ತಂದುದನ್ನು ನೆಟ್ಟು ನೀರೆರೆಯುವವರೂ ಬೇಕು.

ಹಾಗೆ ಹೊತ್ತು ತಂದವರಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದವರು ಕೆಲವರುಂಟು. ಅವರಲ್ಲಿ ಹಲವರ ದಾರಿ ಪುಣೆಯ ಮೂಲಕ ಹಾಯ್ದುಹೋಗಿದೆ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಆ ಭಾಗದವರಿಗೆ ಪುಣೆಯು ಹತ್ತಿರದ ದೊಡ್ಡ ವಿದ್ಯಾಕೇಂದ್ರವಾಗಿದ್ದಿತು, ರಾಜಕೀಯ ಚಿಂತನೆಯ ಕೇಂದ್ರವೂ ಆಗಿದ್ದಿತು. ಪುಣೆಗಾದರೋ ಅಮೆರಿಕೆಯ ಪರಿಚಯ ಬಲು ಬೇಗನೆ ಆಗಿತ್ತು. 1882ರಲ್ಲಿಯೇ ಇಲ್ಲಿಯ ಕೇಶವ ಮಲ್ಹಾರ ಭಟ್ಟರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು ವಿದ್ಯಾರ್ಥಿಯಾಗಿ ಸೇರಿದ್ದರು. 1883ರಲ್ಲಿ ಸಮುದ್ರಯಾನ ಮಾಡಿದ ಆನಂದೀಬಾಯಿ ಜೋಶಿಯವರು 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಇಂಗ್ಲೆಂಡಿಗೆ ಹೋಗುವುದು ಆಳುವವರ ಮನೆಗೆ ಹೋದಂತೆ. ಅಮೆರಿಕೆಗೆ ಹೋಗುವುದು ಆ ಆಳಿಕೆಯನ್ನು ಒಮ್ಮೆ ಕಿತ್ತೊಗೆದವರ ಮನೆಗೆ ಹೋದಂತೆ. ಈ ಭೇದವನ್ನು ಪುಣೆಯ ಜನ ಚೆನ್ನಾಗಿ ಬಲ್ಲವರಾಗಿದ್ದರು.

ಪ್ರಸ್ತುತ ಲೇಖನದಲ್ಲಿ ಸಮಾಜಸೇವೆ, ರಾಜಕಾರಣ, ಆಟ, ಉದ್ಯಮ ಎಂಬ ನಾಲ್ಕು ಕ್ಷೇತ್ರಗಳಿಂದ ಒಂದೊಂದು ನಿದರ್ಶನವನ್ನು ಆಯ್ದುಕೊಂಡು, ಅಮೆರಿಕೆಯಿಂದ ನಮ್ಮ ಕಡೆಗೆ ನಿಜವಾಗಿ ಬಂದುದೇನು, ಬಂದುದರಲ್ಲಿ ಉಳಿದುದೇನು ಎಂಬುದನ್ನು ವಿವೇಚಿಸಲಾಗಿದೆ.

1. ಒಂದು ಡಾಲರಿನ ವಂತಿಗೆ

ಪಂಡಿತಾ ರಮಾಬಾಯಿಯವರು ಹುಟ್ಟಿದುದು 1858ರಲ್ಲಿ, ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮನೆಯ ಹೆಂಗಸರಿಗೆ ಸಂಸ್ಕೃತ ಕಲಿಸಿದ ಸಾಹಸಿ. ಮರಾಠಿಯ ಜೊತೆಗೆ ಕನ್ನಡವನ್ನೂ ಬಲ್ಲವರಾಗಿದ್ದ ರಮಾಬಾಯಿಯವರು ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ದೇಶವನ್ನೆಲ್ಲ ಸುತ್ತಿ, ಕೊನೆಗೆ ಪುಣೆಗೆ ಬಂದರು. ಅಲ್ಲಿಂದ ಇಂಗ್ಲೆಂಡಿಗೂ ಹೋದರು. 1886ರಲ್ಲಿ ಆನಂದೀಬಾಯಿಯವರ ಪದವಿದಾನ ಸಮಾರಂಭವನ್ನು ನೋಡುವುದಕ್ಕೆಂದು ಅಮೆರಿಕೆಗೆ ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸಂಚರಿಸಿದರು.

ಈ ಪ್ರವಾಸದ ಫಲವಾಗಿ ಅವರು ಮರಾಠಿಯಲ್ಲಿ ಬರೆದ ಅಮೆರಿಕಾ ವೃತ್ತಾಂತವು 1889ರಲ್ಲಿ ಪ್ರಕಟವಾಯಿತು. ಅದರಲ್ಲಿ ಆ ದೇಶದ ಆಡಳಿತ, ಶಿಕ್ಷಣ, ವ್ಯಾಪಾರ ಎಲ್ಲವೂ ಬಂದಿದ್ದರೂ ಅವರ ಮನಸ್ಸನ್ನು ಹೆಚ್ಚಾಗಿ ಸೆಳೆದವು ಅಲ್ಲಿಯ ಹೆಂಗಸರ ಸಂಘಗಳು. ಫ್ರಾನ್ಸಿಸ್ ವಿಲಾರ್ಡ್ ಅವರ ಮುಂದಾಳುತನದಲ್ಲಿ ನಡೆಯುತ್ತಿದ್ದ ಮದ್ಯಪಾನ ವಿರೋಧಿ ಮಹಿಳಾ ಸಂಘವು ಅವುಗಳಲ್ಲಿ ಪ್ರಮುಖವಾದುದು. ಮತದಾನದ ಹಕ್ಕಿಲ್ಲದ ಹೆಂಗಸರು ಊರೂರಿನಲ್ಲಿ ಶಾಖೆಗಳನ್ನು ತೆರೆದು, ಸಭೆಗಳ ನಡವಳಿಯನ್ನು ಬರೆದಿಟ್ಟು, ಲೆಕ್ಕ ಇಟ್ಟು, ಪತ್ರಿಕೆ ನಡೆಸಿ ಒಂದು ರಾಷ್ಟ್ರವ್ಯಾಪಿ ಶಕ್ತಿಯಾಗಬಹುದೆಂಬುದನ್ನು ರಮಾಬಾಯಿಯವರು ಅಲ್ಲಿ ಕಣ್ಣಾರೆ ಕಂಡರು.

ಕಂಡುದನ್ನು ಒಡನೆಯೇ ಬಳಸಿಕೊಂಡರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಸ್ಥಾಪನೆಯಾಯಿತು. ಭಾರತದಲ್ಲಿ ಬಾಲವಿಧವೆಯರಿಗಾಗಿ ತೆರೆಯಬೇಕೆಂದಿದ್ದ ಶಾಲೆಯನ್ನು ಹತ್ತು ವರ್ಷಗಳ ಕಾಲ ಪೋಷಿಸುವುದು ಅದರ ಸಂಕಲ್ಪ. ಒಬ್ಬ ಕೋಟ್ಯಧೀಶನ ದಾನವನ್ನು ನೆಚ್ಚದೆ, ಬೇರೆ ಬೇರೆ ಊರುಗಳಲ್ಲಿ ರಮಾಬಾಯಿ ಮಂಡಲಿಗಳು ಏರ್ಪಟ್ಟವು; ಸದಸ್ಯರು ವರ್ಷಕ್ಕೆ ಒಂದು ಡಾಲರಿನಂತೆ ಹತ್ತು ವರ್ಷ ಕೊಡುವೆವೆಂದು ಮಾತು ಕೊಟ್ಟರು. ಬ್ಯಾಂಕಿನ ವೃತ್ತಿಯಲ್ಲಿರುವವನಿಗೆ ಇದರ ಜಾಣತನ ಕೂಡಲೆ ತಿಳಿಯುತ್ತದೆ. ದೊಡ್ಡ ದಾನ ಒಮ್ಮೆ ಬಂದು ಮುಗಿಯುತ್ತದೆ, ದಾನಿಯ ಮನಸ್ಸು ತಿರುಗಿದರೆ ನಿಂತೇ ಹೋಗುತ್ತದೆ. ಸಾವಿರ ಜನರ ಸಣ್ಣ ವಂತಿಗೆಯಾದರೋ ನಿಯತವಾದ ಆದಾಯ. ಅದರ ಆಧಾರದ ಮೇಲೆ ಮುಂದಿನ ವರ್ಷದ ಖರ್ಚನ್ನು ಈ ವರ್ಷವೇ ಲೆಕ್ಕ ಹಾಕಬಹುದು.

1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. ಮತಾಂತರದ ಪ್ರಶ್ನೆಯ ಮೇಲೆ ಪುಣೆಯಲ್ಲಿ ಎದ್ದ ವಿವಾದವು ಸುಪ್ರಸಿದ್ಧವಾದುದು. ಅದರ ವಿಚಾರ ಇಲ್ಲಿ ಪ್ರಸ್ತುತವಲ್ಲ. 1890ರ ದಶಕದ ಕ್ಷಾಮಕಾಲದಲ್ಲಿ ಪುಣೆಯ ಬಳಿಯ ಕೇಡಗಾಂವಿನಲ್ಲಿ ಬೆಳೆದ ಅವರ ಮುಕ್ತಿ ಸದನವು ನೂರಾರು ನಿರ್ಗತಿಕ ಹೆಂಗಸರಿಗೆ ಆಶ್ರಯವನ್ನಿತ್ತು ಕೈಗೆಲಸಗಳನ್ನು ಕಲಿಸಿತು, ಅವರು ಕಟ್ಟಿದ ಸಂಸ್ಥೆ ಅವರ ತರುವಾಯವೂ ಬಾಳಿತು ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಅಂಶ.

2. ನ್ಯೂಯಾರ್ಕಿನಿಂದ ಹುಬ್ಬಳ್ಳಿಗೆ

ಎರಡನೆಯ ನಿದರ್ಶನ ರಾಜಕಾರಣದ್ದು. ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ತರುಣರಾಗಿದ್ದಾಗಲೇ ತಿಲಕರ ಪ್ರಭಾವಕ್ಕೊಳಗಾದ ಅವರು ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, 1913ರಲ್ಲಿ ಅಮೆರಿಕೆಗೆ ತೆರಳಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಈ ವಿಷಯದ ಆಯ್ಕೆಯೇ ಅರ್ಥಪೂರ್ಣವಾಗಿದೆ. ಸಾಮಾನ್ಯ ವೈದ್ಯನು ಹಾಸಿಗೆ ಹಿಡಿದ ಒಬ್ಬ ರೋಗಿಯನ್ನು ನೋಡುತ್ತಾನೆ; ಸಾರ್ವಜನಿಕ ಆರೋಗ್ಯವನ್ನು ಕಲಿತವನು ಊರಿನ ನೀರು, ಚರಂಡಿ, ಜನರ ನಡೆವಳಿಕೆಗಳನ್ನು ನೋಡುತ್ತಾನೆ. ಹರ್ಡೀಕರರ ಮುಂದಿನ ರಾಜಕೀಯ ಕಾರ್ಯದಲ್ಲೆಲ್ಲ ಈ ದೃಷ್ಟಿ ಕಾಣುತ್ತದೆ.

1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ನಡೆದ ಪರಿಷತ್ತಿನಲ್ಲಿ ತಿಲಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಅದರ ಕೇಂದ್ರಸ್ಥಾನ ಪುಣೆ. ಮರುವರ್ಷ, 1917ರಲ್ಲಿ, ಅಮೆರಿಕೆಯಲ್ಲಿದ್ದ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕಾ ಎಂಬ ಸಂಸ್ಥೆಯನ್ನು ಕಟ್ಟಿದಾಗ ಅವರಿಗೆ ಬಲಗೈಯಾಗಿ ನಿಂತವರು ಧಾರವಾಡದ ಈ ತರುಣ ವೈದ್ಯರು. ಬೆಳಗಾವಿಯಲ್ಲಿ ಹುಟ್ಟಿದ ಒಂದು ಹೆಸರು ಹೀಗೆ ಒಂದೂವರೆ ವರ್ಷದೊಳಗೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. 1918ರ ಜನವರಿಯಿಂದ ಲೀಗು ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. (ಗಾಂಧೀಜಿಯವರು ಮುಂದೆ ಅಹಮದಾಬಾದಿನಿಂದ ನಡೆಸಿದ ಅದೇ ಹೆಸರಿನ ಪತ್ರಿಕೆ ಬೇರೆ.) ಹರ್ಡೀಕರರ ಪಾಲಿಗೆ ಬಂದುದು ಊರೂರು ತಿರುಗಿ ಭಾಷಣ ಮಾಡುವುದು, ಸದಸ್ಯರನ್ನು ಕೂಡಿಸುವುದು, ಕರಪತ್ರಗಳನ್ನು ಹಂಚುವುದು ಮೊದಲಾದ ಕೆಲಸ. ಪ್ರಸಿದ್ಧಿಯು ಲಾಲಾಜಿಯವರಿಗೆ ಸಂದಿತು, ಅದು ಯೋಗ್ಯವೇ. ಕಚೇರಿಯ ಭಾರ ಬಹುಮಟ್ಟಿಗೆ ಹರ್ಡೀಕರರಂಥವರ ಹೆಗಲ ಮೇಲೆ ಇದ್ದಿತು.

ಇವರು ಕಂಡ ಅಮೆರಿಕೆಯು ದೋಷರಹಿತವಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಲಜಪತರಾಯರು 1916ರಲ್ಲಿ ಪ್ರಕಟಿಸಿದ ಅಮೆರಿಕೆಯನ್ನು ಕುರಿತ ಗ್ರಂಥದಲ್ಲಿ ಅಲ್ಲಿಯ ಕರಿಯ ಜನರ ದುಃಸ್ಥಿತಿಯನ್ನು ವಿಸ್ತಾರವಾಗಿ ವಿಚಾರಿಸಿ, ನಮ್ಮ ಅಸ್ಪೃಶ್ಯತೆಯೊಡನೆ ಹೋಲಿಸಿ ನೋಡಿದ್ದಾರೆ. 1917ರ ವಲಸೆ ಕಾಯಿದೆಯು ಭಾರತೀಯರಿಗೆ ಆ ದೇಶದ ಬಾಗಿಲನ್ನು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ನಾಗರಿಕತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಶಾಸನವು ಆ ನಿಷೇಧವನ್ನು ತೆಗೆದಾಗಲೂ ವರ್ಷಕ್ಕೆ 100 ಮಂದಿ ಭಾರತೀಯರಿಗೆ ಮಾತ್ರ ಪ್ರವೇಶ ದೊರೆಯಿತು. ಸ್ವಾತಂತ್ರ್ಯದ ಪಾಠವನ್ನು ಕಲಿಸಿದ ದೇಶವೇ ಹೀಗೆ ಬಾಗಿಲನ್ನೂ ಮುಚ್ಚಿತ್ತು. ನಮ್ಮವರು ಅಲ್ಲಿಂದ ತಂದುದನ್ನು ಆರಿಸಿ ತಂದರೇ ಹೊರತು ಕಣ್ಣು ಮುಚ್ಚಿ ತರಲಿಲ್ಲ.

1921ರಲ್ಲಿ ಸ್ವದೇಶಕ್ಕೆ ಮರಳಿದ ಹರ್ಡೀಕರರು ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅನೇಕರು ಕ್ಷಮೆ ಕೇಳಿ ಬಿಡುಗಡೆ ಹೊಂದಿದಾಗ ಹುಬ್ಬಳ್ಳಿ ಸೇವಾ ಮಂಡಲದ ಸ್ವಯಂಸೇವಕರು ಕ್ಷಮೆ ಕೇಳಲು ನಿರಾಕರಿಸಿದರು. ತರಬೇತಿ ಪಡೆದವರಿಗೂ ಉತ್ಸಾಹದಿಂದ ಮಾತ್ರ ಬಂದವರಿಗೂ ಇರುವ ಅಂತರವು ಆಗ ಎಲ್ಲರಿಗೂ ಗೋಚರವಾಯಿತು. ಅದೇ ಡಿಸೆಂಬರಿನಲ್ಲಿ ಕಾಕಿನಾಡಾ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾ ದಳವು ಜನ್ಮ ತಾಳಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರು. ಹರ್ಡೀಕರರು ಅದರ ಪ್ರಾಣ. ಕವಾಯತು ಅಹಿಂಸೆಗೆ ಒಪ್ಪುವುದೇ ಎಂದು ಕಾಂಗ್ರೆಸ್ಸಿನೊಳಗೇ ಶಂಕೆಗಳಿದ್ದವು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ಸಲ್ಲಿಸಿದ ಸೇವೆಯೇ ಆ ಶಂಕೆಗಳಿಗೆ ಉತ್ತರವಾಯಿತು. ಮಹಿಳಾ ವಿಭಾಗವನ್ನು ವಹಿಸಿಕೊಂಡಿದ್ದ ಉಮಾಬಾಯಿ ಕುಂದಾಪುರ ಅವರು ಆ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕೂಡಿಸಿದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ.

ಸೇವಾ ದಳವು ಅಮೆರಿಕೆಯ ಯಾವುದೇ ಒಂದು ಸಂಸ್ಥೆಯ ಪ್ರತಿರೂಪವೆಂದು ಹೇಳುವಂತಿಲ್ಲ. ಅದು ಈ ನೆಲದ ಅಗತ್ಯದಿಂದ ಹುಟ್ಟಿತು. ಆದರೆ ಸದಸ್ಯತ್ವ, ಶಾಖೆ, ಶಿಬಿರ, ಮುಖಪತ್ರಿಕೆ ಎಂಬ ಅದರ ಅಂಗಗಳನ್ನು ನೋಡಿದಾಗ, ನ್ಯೂಯಾರ್ಕಿನ ಕಚೇರಿಯಲ್ಲಿ ಪಳಗಿದ ಕೈಯನ್ನು ಗುರುತಿಸುವುದು ಕಷ್ಟವಲ್ಲ. 1932ರಲ್ಲಿ ಸರಕಾರವು ಕಾಂಗ್ರೆಸ್ಸಿನೊಡನೆ ದಳವನ್ನೂ ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗಲೂ ದಳದ ಮೇಲಿನ ನಿಷೇಧವನ್ನು ಉಳಿಸಿಕೊಂಡಿತು. ನಾಯಕರ ಭಾಷಣಕ್ಕಿಂತಲೂ ತರಬೇತಿ ಪಡೆದ ಕಾರ್ಯಕರ್ತರಿಗೆ ಸರಕಾರ ಹೆಚ್ಚು ಅಂಜಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಹರ್ಡೀಕರರು 1952ರಿಂದ ಹತ್ತು ವರ್ಷ ರಾಜ್ಯಸಭೆಯ ಸದಸ್ಯರಾಗಿದ್ದು, 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು, 1975ರಲ್ಲಿ ಕಾಲವಾದರು.

3. ಬರಿಗಾಲಿನ ಓಟ ಮತ್ತು ಬರೆದಿಟ್ಟ ನಿಯಮ

1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ಸಿಗೆ ಭಾರತದ ಮೊದಲ ತಂಡವು ಹೊರಟುದು ಪುಣೆಯ ಡೆಕ್ಕನ್ ಜಿಮ್‌ಖಾನಾದ ಪ್ರಯತ್ನದಿಂದ. ಜಿಮ್‌ಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ತಾತಾ ಅವರು ಅಲ್ಲಿಯ ವಾರ್ಷಿಕ ಪಂದ್ಯಗಳಲ್ಲಿ ಹಳ್ಳಿಯ ರೈತಮಕ್ಕಳು ಬರಿಗಾಲಿನಲ್ಲಿ ಓಡುವುದನ್ನು ಕಂಡು, ಇವರು ಹೊರದೇಶದವರಿಗೆ ಸರಿಸಾಟಿಯಾಗಬಲ್ಲರೆಂದು ಭಾವಿಸಿದರು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಪರಿಚಯವಿಲ್ಲದ ಹವೆಯಲ್ಲಿ ಓಡಿದವರಿಗೆ ಇದು ಸಣ್ಣ ಸಾಧನೆಯೇನಲ್ಲ.

ಆದರೆ ಇದು ವ್ಯಕ್ತಿಗಳ ಸಾಹಸವಾಗಿತ್ತು. ಕಳುಹಿಸಿದವರಿಗೂ ಅಂತರರಾಷ್ಟ್ರೀಯ ಮಟ್ಟದ ಅರಿವು ಎಷ್ಟಿತ್ತೆಂಬುದನ್ನು ಒಂದು ಪ್ರಸಂಗವು ತೋರಿಸುತ್ತದೆ: ನೂರು ಮೀಟರ್ ಓಟಕ್ಕೆ ಎಷ್ಟು ಹೊತ್ತು ಬೇಕೆಂದು ಕೇಳಿದಾಗ, ಒಂದೆರಡು ನಿಮಿಷ ಸಾಕಾದೀತೆಂದು ಇಲ್ಲಿಯ ಕಾರ್ಯಕರ್ತರು ಉತ್ತರಿಸಿದ್ದರಂತೆ! ಓಡುವವರು ಇದ್ದರು, ಅಳೆಯುವವರು, ಆರಿಸುವವರು, ಕಲಿಸುವವರು ಇರಲಿಲ್ಲ.

ಈ ಕೊರತೆಯನ್ನು ತುಂಬುವಲ್ಲಿ ಇಬ್ಬರು ಅಮೆರಿಕನ್ನರು ದುಡಿದರು. ಇಬ್ಬರೂ ವೈ.ಎಂ.ಸಿ.ಎ. ಸಂಸ್ಥೆಯವರು. ಆ ಸಂಸ್ಥೆಗೂ ಆಧುನಿಕ ಆಟಗಳಿಗೂ ಇರುವ ನಂಟನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1891ರ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಅವರು ಹಿಮದ ದೆಸೆಯಿಂದ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಹದಿಮೂರು ನಿಯಮಗಳ ಹೊಸ ಆಟವೊಂದನ್ನು ರಚಿಸಿದರು. ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಕಟ್ಟಿ ಚೆಂಡೆಸೆಯುವ ಆ ಆಟವೇ ಬಾಸ್ಕೆಟ್‌ಬಾಲ್. ನಾಲ್ಕು ವರ್ಷಗಳ ತರುವಾಯ ಅದೇ ಪ್ರಾಂತದ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಅವರು ವಾಲಿಬಾಲ್ ಆಟವನ್ನು ಕಲ್ಪಿಸಿದರು. ಎರಡೂ ಆಟಗಳಿಗೆ ಹೆಚ್ಚು ಸ್ಥಳ ಬೇಡ, ಹೆಚ್ಚು ಹಣವೂ ಬೇಡ. ಎರಡು ಕಂಬ, ಒಂದು ಬಲೆ, ಒಂದು ಚೆಂಡಿದ್ದರೆ ನಮ್ಮ ಹಳ್ಳಿಯ ಶಾಲೆಯ ಅಂಗಳವೂ ವಾಲಿಬಾಲಿಗೆ ಸಾಕು. ವ್ಯವಸ್ಥಿತವಾಗಿ ಯೋಚಿಸಿ, ಬರೆದಿಟ್ಟು, ಶಿಕ್ಷಕರ ಮೂಲಕ ಹರಡಿದ ಆಟಗಳಿವು.

ಆ ಪರಂಪರೆಯ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ಆಂಟ್ವರ್ಪಿಗೆ ತಂಡ ಹೋದ ವರ್ಷವೇ ಇದೂ ಆರಂಭವಾಯಿತೆಂಬುದು ಗಮನಾರ್ಹ. ಅಲ್ಲಿ ತರಬೇತಾದ ಶಿಕ್ಷಕರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ಹರಡಿದರು. ವೈ.ಎಂ.ಸಿ.ಎ.ಯ ಡಾ. ನೋಹ್ರೆನ್ ಅವರು ದೊರಾಬ್ಜಿಯವರೊಡನೆ ಕೈಗೂಡಿಸಿ, ಬಕ್ ಅವರ ಜೊತೆಗೆ ದೇಶದಲ್ಲಿ ಸಂಚರಿಸಿ ಪ್ರಾಂತೀಯ ಸಂಘಗಳನ್ನು ಏರ್ಪಡಿಸಿದರು. 1924ರಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಪಂದ್ಯಗಳನ್ನು ನಡೆಸಿ, ಅಲ್ಲಿ ಗೆದ್ದವರಿಂದ ಪ್ಯಾರಿಸ್ ಒಲಿಂಪಿಕ್ಸಿನ ತಂಡವನ್ನು ಆರಿಸಲಾಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ರೂಪುಗೊಂಡಿತು. ಬಕ್ ಅವರು 1943ರಲ್ಲಿ ತೀರಿಕೊಂಡರು. ಅವರ ಶಾಲೆಯು ಕಾಲೇಜಾಗಿ ಬೆಳೆದು ಇಂದಿಗೂ ನಡೆಯುತ್ತಿದೆ.

ಇದೇ ಸುಮಾರಿಗೆ ಪುಣೆಯವರೂ ಸುಮ್ಮನೆ ಕುಳಿತಿರಲಿಲ್ಲ. ಹಳ್ಳಿಹಳ್ಳಿಗೂ ಬೇರೆ ಬೇರೆ ರೀತಿಯಲ್ಲಿ ಆಡುತ್ತಿದ್ದ ಖೋ ಖೋ ಆಟಕ್ಕೆ 1914ರ ಸುಮಾರಿಗೇ ಡೆಕ್ಕನ್ ಜಿಮ್‌ಖಾನಾದವರು ನಿಯಮಗಳನ್ನು ಬರೆಯಲು ತೊಡಗಿದ್ದರು. ನಿಯಮವನ್ನು ಕಾಗದದ ಮೇಲೆ ಇಳಿಸಿದುದರಿಂದ ಬೆಳಗಾವಿಯ ತಂಡವೂ ಬಡೋದೆಯ ತಂಡವೂ ಒಂದೇ ಅಂಕಣದಲ್ಲಿ ಸೆಣಸುವುದು ಸಾಧ್ಯವಾಯಿತು.

4. ರಂಟೆ, ಎಂಜಿನು, ತಾಳ್ಮೆಯ ಬಂಡವಾಳ

ನಾಲ್ಕನೆಯ ನಿದರ್ಶನವು ಪುಣೆಯವರಿಗೆಲ್ಲ ಪರಿಚಿತವಾದ ಕಿರ್ಲೋಸ್ಕರ್ ಮನೆತನದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಮನೆಮಾತು ಮರಾಠಿಯಾದರೂ ಕನ್ನಡ ನೆಲದಲ್ಲಿ ಬೆಳೆದ ಇವರು ಯಾರ ಪಾಲಿಗೆ ಸೇರಿದವರೆಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಎರಡು ಮಾತಿನ ನಾಡಿನಲ್ಲಿ ಹುಟ್ಟಿದವರು ಎರಡು ನಾಡಿಗೂ ಸಲ್ಲುತ್ತಾರೆ.

ಚಿತ್ರಕಾರರಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ಲಕ್ಷ್ಮಣರಾಯರು ತಮಗೆ ಬಣ್ಣಗಳ ಭೇದ ಸರಿಯಾಗಿ ಕಾಣುವುದಿಲ್ಲವೆಂದು ತಿಳಿದು ಯಂತ್ರಗಳ ರೇಖಾಚಿತ್ರಣಕ್ಕೆ ತಿರುಗಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. 1888ರಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಆ ಬೀದಿಗೆ ಈಗಲೂ ಅವರ ಹೆಸರೇ ಇದೆ. ಮುಂದೆ ಜೋಳದ ಕಣಿಕೆಯನ್ನು ಕತ್ತರಿಸುವ ಯಂತ್ರ, ಕಬ್ಬಿಣದ ರಂಟೆ ಮೊದಲಾದವುಗಳ ತಯಾರಿಕೆಗೆ ತೊಡಗಿದರು. ಎರಕದ ಕೆಲಸವನ್ನು ಕಲಿಸುವ ಗುರುಗಳು ಹತ್ತಿರದಲ್ಲಿ ಯಾರೂ ಇರಲಿಲ್ಲ. ‘ಅಮೆರಿಕನ್ ಮೆಶಿನಿಸ್ಟ್’ನಂಥ ಅಮೆರಿಕೆಯ ತಾಂತ್ರಿಕ ಪತ್ರಿಕೆಗಳನ್ನು ತರಿಸಿ ಓದುತ್ತ, ಓದಿದುದನ್ನು ಕೈಯಿಂದ ಮಾಡಿ ನೋಡುತ್ತ ಅವರು ಕಲಿತರು. ಅಮೆರಿಕೆಯನ್ನು ಸ್ವತಃ ಕಾಣದೆಯೇ ಅವರು ಅಂಚೆಯ ಮೂಲಕ ಅದರ ಶಿಷ್ಯರಾಗಿದ್ದರು.

ಕಬ್ಬಿಣವು ಭೂಮಿಗೆ ವಿಷವೆಂಬ ನಂಬಿಕೆಯಿಂದ ರೈತರು ಆ ರಂಟೆಯನ್ನು ಮುಟ್ಟಲಿಲ್ಲ. ಮೊದಲ ಆರು ರಂಟೆಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬೆಳಗಾವಿಯ ಜಾಗವನ್ನೂ ಬಿಡಬೇಕಾಯಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರು. ಅವರು ಕೊಟ್ಟ 32 ಎಕರೆ ಪಾಪಾಸುಕಳ್ಳಿಯ ಬೀಳುಭೂಮಿ ಮತ್ತು ಹತ್ತು ಸಾವಿರ ರೂಪಾಯಿಯ ಬಡ್ಡಿಯಿಲ್ಲದ ಸಾಲದಿಂದ 1910ರಲ್ಲಿ ಕಿರ್ಲೋಸ್ಕರವಾಡಿಯು ತಲೆಯೆತ್ತಿತು.

ಮಗ ಶಂತನುರಾಯರು 1922ರಲ್ಲಿ ಅಮೆರಿಕೆಗೆ ಹೋಗಿ 1926ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪದವೀಧರರಾಗಿ ಮರಳಿದರು. ತಂದೆ ಪತ್ರಿಕೆಗಳಲ್ಲಿ ಓದಿದ ವಿದ್ಯೆಯನ್ನು ಮಗ ಅದರ ತವರಿನಲ್ಲಿಯೇ ಕಲಿತಂತಾಯಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಲೇತು ಯಂತ್ರಗಳ ಕಾರ್ಖಾನೆ ಆರಂಭವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೂ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನುಗಳ ಕಾರ್ಖಾನೆಯೂ ತಲೆಯೆತ್ತಿದವು. 1962ರಲ್ಲಿ ಕೊಥರೂಡಿನಲ್ಲಿ ಅಮೆರಿಕೆಯ ಕಮ್ಮಿನ್ಸ್ ಕಂಪನಿಯೊಡನೆ ಕೂಡಿ ಕಿರ್ಲೋಸ್ಕರ್ ಕಮ್ಮಿನ್ಸ್ ಸ್ಥಾಪನೆಯಾಯಿತು. ಬಂಡವಾಳದಲ್ಲಿ ಕಮ್ಮಿನ್ಸರದು ಶೇಕಡಾ 50, ಕಿರ್ಲೋಸ್ಕರರದು 25.5, ಉಳಿದ 24.5 ಸಾರ್ವಜನಿಕ ಶೇರುದಾರರದು.

ಈ ಕಮ್ಮಿನ್ಸ್ ಕಂಪನಿಯ ಹಿನ್ನೆಲೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಇಂಡಿಯಾನಾ ಪ್ರಾಂತದ ಕೊಲಂಬಸ್ ಎಂಬ ಸಣ್ಣ ಊರಿನಲ್ಲಿ ಅರ್ವಿನ್ ಎಂಬ ಬ್ಯಾಂಕರರ ಮನೆಯ ಮೋಟಾರು ಚಾಲಕರಾಗಿದ್ದವರು ಕ್ಲೆಸ್ಸಿ ಕಮ್ಮಿನ್ಸ್. ಡೀಸೆಲ್ ಎಂಜಿನಿನ ಹುಚ್ಚು ಹಿಡಿದಿದ್ದ ಈ ಚಾಲಕನಿಗೆ ಆ ಬ್ಯಾಂಕರರು ಹಣ ಹೂಡಿ 1919ರಲ್ಲಿ ಕಂಪನಿಯನ್ನು ಕಟ್ಟಿಸಿದರು. ಅದು ಮೊದಲ ಲಾಭವನ್ನು ಕಂಡುದು 1937ರಲ್ಲಿ! ಹದಿನೆಂಟು ವರ್ಷ ಲಾಭವಿಲ್ಲದ ಖಾತೆಯನ್ನು ಕೈಬಿಡದೆ ಸಾಕುವುದಕ್ಕೆ ಇಂದಿನ ಯಾವ ಬ್ಯಾಂಕಿನ ಸಾಲ ಸಮಿತಿಯೂ ಒಪ್ಪಲಾರದು. ಔಂಧ್ ಅರಸರ ಬಡ್ಡಿಯಿಲ್ಲದ ಸಾಲಕ್ಕೂ ಅರ್ವಿನ್ನರ ಈ ಹೂಡಿಕೆಗೂ ಒಂದೇ ಗುಣವಿದೆ. ಇಬ್ಬರೂ ಆಸ್ತಿಯ ತಾರಣವನ್ನು ನೋಡದೆ ಮನುಷ್ಯನ ಕೈಗುಣವನ್ನು ನೋಡಿ ಹಣ ಕೊಟ್ಟರು, ಕೊಟ್ಟ ಮೇಲೆ ಕಾದರು.

ಅರ್ವಿನ್ನರ ವಂಶದ ಜೆ. ಅರ್ವಿನ್ ಮಿಲ್ಲರ್ (1909–2004) ಅವರು ಪುಣೆಯ ಈ ಒಪ್ಪಂದದ ಕಾಲದಲ್ಲಿ ಕಮ್ಮಿನ್ಸಿನ ಮುಖ್ಯಸ್ಥರಾಗಿದ್ದರು. ಅಮೆರಿಕೆಯ ಉದ್ಯಮ ಮತ್ತು ರಾಜಕಾರಣಗಳೆರಡೂ ಅವರಲ್ಲಿ ಕೂಡಿದ್ದವು. 1960ರಿಂದ 1963ರವರೆಗೆ ಅಲ್ಲಿಯ ರಾಷ್ಟ್ರೀಯ ಚರ್ಚುಗಳ ಪರಿಷತ್ತಿನ ಅಧ್ಯಕ್ಷರಾಗಿದ್ದ ಅವರು ಆ ಸ್ಥಾನಕ್ಕೆ ಬಂದ ಮೊದಲ ಗೃಹಸ್ಥರು. ಕರಿಯ ಜನರ ನಾಗರಿಕ ಹಕ್ಕುಗಳ ಚಳವಳಿಗೂ 1964ರ ನಾಗರಿಕ ಹಕ್ಕುಗಳ ಶಾಸನಕ್ಕೂ ಪರಿಷತ್ತಿನ ಬೆಂಬಲವನ್ನು ದೊರಕಿಸಿದರು. 1967ರಲ್ಲಿ ‘ಎಸ್ಕ್ವೈರ್’ ಪತ್ರಿಕೆಯು ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಅಚ್ಚಿಸಿ, ಮುಂದಿನ ರಾಷ್ಟ್ರಾಧ್ಯಕ್ಷರಾಗಲು ತಕ್ಕವರು ಇವರೆಂದು ಸಾರಿತು. ತಮ್ಮ ಊರಿನ ಬ್ಯಾಂಕಿಗಾಗಿ ಅವರು ಪ್ರಸಿದ್ಧ ಶಿಲ್ಪಿ ಈರೊ ಸಾರಿನೆನ್ ಅವರಿಂದ 1954ರಲ್ಲಿ ಗಾಜಿನ ಗೋಡೆಗಳ ಕಟ್ಟಡವನ್ನು ಕಟ್ಟಿಸಿದರು. ಗ್ರಾಹಕನಿಗೂ ಗುಮಾಸ್ತನಿಗೂ ನಡುವೆ ಸರಳುಗಳ ತಡೆಯಿಲ್ಲದ ಬ್ಯಾಂಕು ಅದು. ಹಣದ ವ್ಯವಹಾರದಲ್ಲಿಯೂ ಮನುಷ್ಯರ ನಡುವಿನ ಅಡ್ಡಗೋಡೆಯನ್ನು ಇಳಿಸಬೇಕೆಂಬ ಅವರ ಭಾವನೆಗೆ ಆ ಕಟ್ಟಡವು ಸಾಕ್ಷಿ.

ಕಿರ್ಲೋಸ್ಕರ್ ಕಮ್ಮಿನ್ಸ್ ಕಾಲಾನಂತರ ಕಮ್ಮಿನ್ಸ್ ಇಂಡಿಯಾ ಆಯಿತು. ಶಂತನುರಾಯರು 1994ರಲ್ಲಿ ನಿಧನರಾದರು. ಮಹರ್ಷಿ ಕರ್ವೆಯವರ ಸ್ತ್ರೀ ಶಿಕ್ಷಣ ಸಂಸ್ಥೆಯು 1991ರಲ್ಲಿ ತೆರೆದ ಮಹಿಳಾ ಎಂಜಿನಿಯರಿಂಗ್ ಕಾಲೇಜು ಕಮ್ಮಿನ್ಸರ ಹೆಸರನ್ನು ಹೊತ್ತಿದೆ. ಹರಿಹರದ ಕಾರ್ಖಾನೆಯಾದರೋ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದನ್ನು ನೆಚ್ಚಿ ಬಾಳಿದ್ದ ಕುಟುಂಬಗಳಿಗೆ ಅದರಿಂದಾದ ನೋವು ಮಧ್ಯ ಕರ್ನಾಟಕದವರಿಗೆಲ್ಲ ತಿಳಿದುದೇ ಆಗಿದೆ.

5. ಉಪಸಂಹಾರ

ಈ ನಾಲ್ಕು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅಮೆರಿಕೆಯಿಂದ ನಮ್ಮಲ್ಲಿಗೆ ಬಂದು ಫಲಕಾರಿಯಾದುದು ಸಂಘಟನೆಯ ವಿದ್ಯೆ. ಅದಕ್ಕೆ ಮೂರು ಮುಖಗಳುಂಟು. ಅನೇಕರಿಂದ ಸ್ವಲ್ಪಸ್ವಲ್ಪವಾಗಿ, ಆದರೆ ನಿಯತವಾಗಿ ವಂತಿಗೆ ಕೂಡಿಸುವುದು ಒಂದು. ತನ್ನ ತರುವಾಯ ಕೆಲಸವನ್ನು ನಡೆಸುವವರಿಗೆ ತರಬೇತಿ ಕೊಡುವುದು ಎರಡು. ಫಲ ಬರುವವರೆಗೆ ಕಾಯುವುದು ಮೂರು. ರಮಾಬಾಯಿಯವರಲ್ಲಿ ಮೊದಲನೆಯದು, ಹರ್ಡೀಕರರಲ್ಲಿಯೂ ಬಕ್ ಅವರಲ್ಲಿಯೂ ಎರಡನೆಯದು, ಲಕ್ಷ್ಮಣರಾಯರಲ್ಲಿ ಮೂರನೆಯದು ವಿಶೇಷವಾಗಿ ಎದ್ದು ಕಾಣುತ್ತದೆ. ಈ ಗುಣಗಳು ನಮ್ಮ ನೆಲಕ್ಕೆ ಪೂರ್ತಿ ಹೊಸವೇನಲ್ಲ. ನಮ್ಮ ಮಠಗಳೂ ಹಳ್ಳಿಯ ಗರಡಿಮನೆಗಳೂ ಇವುಗಳ ಬಲದಿಂದಲೇ ಶತಮಾನಗಳ ಕಾಲ ಬಾಳಿವೆ. ಜಾತಿ, ಊರುಗಳ ಎಲ್ಲೆಯಾಚೆಗೆ, ಅಪರಿಚಿತರ ನಡುವೆ ಇವನ್ನು ಬಳಸುವ ಬಗೆಯು ಹೊಸದಾಗಿ ಬಂದಿತು.

ಎಲ್ಲಿ ಈ ವಿದ್ಯೆ ಸಡಿಲವಾಯಿತೋ ಅಲ್ಲಿ ಹೆಸರು ಮಾತ್ರ ಉಳಿಯಿತು. ಚೌಗುಲೆಯವರ ಓಟವನ್ನು ಮುಂದುವರಿಸುವ ದೂರದೋಟದ ಶಾಲೆಯೊಂದು ಆಗ ಬೆಳಗಾವಿಯಲ್ಲಿ ಹುಟ್ಟಲಿಲ್ಲ. ಸ್ವಾತಂತ್ರ್ಯಾನಂತರ ಸೇವಾ ದಳವು ಪಕ್ಷದ ಸಮಾರಂಭಗಳಲ್ಲಿ ವಂದನೆ ಸಲ್ಲಿಸುವ ಪಡೆಯಾಗಿ ಬಹುಮಟ್ಟಿಗೆ ಕಿರಿದಾಯಿತು.

ನಾಡಿನಿಂದ ಹೊರಗೆ ನೆಲಸಿರುವ ನಮಗೆ ಈ ವಿಚಾರ ಕೇವಲ ಇತಿಹಾಸವಲ್ಲ. ಪುಣೆಯ ಕನ್ನಡಿಗರಲ್ಲಿ ಈಗ ಮೂರನೆಯ, ನಾಲ್ಕನೆಯ ತಲೆಮಾರು ಬೆಳೆಯುತ್ತಿದೆ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡವು ಅಜ್ಜಿಯೊಡನೆ ಆಡುವ ಮಾತಾಗಿ ಉಳಿದಿದೆ, ಓದುವ ಭಾಷೆಯಾಗಿ ಉಳಿದಿಲ್ಲ. ಅಮೆರಿಕೆಗೆ ಹೋಗಿ ನೆಲಸಿದ ನಮ್ಮ ಮಕ್ಕಳ ಮನೆಗಳಲ್ಲಿಯೂ ಇದೇ ಸ್ಥಿತಿ. ಹಿರಿಯರ ಜಯಂತಿಗಳನ್ನು ಆಚರಿಸುವುದರಲ್ಲಿ ನಮ್ಮ ಸಂಘಗಳು ಹಿಂದೆ ಬಿದ್ದಿಲ್ಲ. ಆದರೆ ಪ್ರತಿಯೊಂದು ಸಂಘವೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ನಮ್ಮ ಸದಸ್ಯರ ವಂತಿಗೆ ನಿಯತವಾಗಿ ಬರುತ್ತಿದೆಯೇ? ಕನ್ನಡ ಕಲಿಸಬಲ್ಲ ತರುಣ ಶಿಕ್ಷಕರನ್ನು ನಾವು ತಯಾರಿಸುತ್ತಿದ್ದೇವೆಯೇ? ಮೊದಲ ಆರು ವಿದ್ಯಾರ್ಥಿಗಳು ಬರುವುದಕ್ಕೆ ಎರಡು ವರ್ಷ ಹಿಡಿದರೂ ತರಗತಿಯನ್ನು ಮುಚ್ಚದಿರುವ ತಾಳ್ಮೆ ನಮಗಿದೆಯೇ?

ಆರು ರಂಟೆಗಳಿಗಾಗಿ ಎರಡು ವರ್ಷ ಕಾದವರ ನಗರದಲ್ಲಿ ನಾವು ಬದುಕುತ್ತಿದ್ದೇವೆ. ಅವರ ಕಾರ್ಖಾನೆಗಳಲ್ಲಿ ನಮ್ಮವರೆಷ್ಟೋ ಮಂದಿ ಅನ್ನವನ್ನು ಕಂಡುಕೊಂಡಿದ್ದಾರೆ. ಅವರ ತಾಳ್ಮೆಯಲ್ಲಿ ಒಂದು ಪಾಲನ್ನು ನಮ್ಮ ಭಾಷೆಯ ಕೆಲಸಕ್ಕೂ ತಂದುಕೊಂಡರೆ ಅದು ವ್ಯರ್ಥವಾಗಲಾರದು.